ಮೂರು ಡಾಲರಿನ ಟ್ಯಾಮಿ

ಮಗಳ ಎರಡನೇ ಬಾಣಂತನಕ್ಕೆ ನ್ಯೂಜೆರ್ಸಿಗೆ ಹೋಗಿದ್ದಾಗ ನನಗೆ ಹತ್ತಿದ ಚಟ ಗರಾಜ್ ಸೇಲ್. ಬೇಸಿಗೆಯ ಶನಿವಾರಗಳಲ್ಲಿ ಅಲ್ಲಿನ ಜನ ತಮಗೆ ಬೇಡವಾದದ್ದನ್ನೆಲ್ಲ ಮನೆ ಮುಂದೆ ಹರವಿಕೊಂಡು ಕೂತಿರುತ್ತಾರೆ. ಪಾತ್ರೆ, ಪುಸ್ತಕ, ಒಂಟಿ ಕುರ್ಚಿ, ಯಾರದೋ ಅಜ್ಜಿಯ ಹೂದಾನಿ. ನಾನು ವಾಕಿಂಗ್ ನೆಪದಲ್ಲಿ ಹೊರಡುವುದು, ಬರುವಾಗ ಕೈಯಲ್ಲೊಂದು ಚೀಲ, ಮಗಳು ತಲೆ ಚಚ್ಚಿಕೊಳ್ಳುವುದು. ಹೀಗೆ ನಡೆದಿತ್ತು.

ಒಂದು ಶನಿವಾರ ಶೂ ಡಬ್ಬಿಯೊಳಗೆ ಗೊಂಬೆಯೊಂದು ಕಂಡಿತು. ತುಂಬಾ ಹಳೇದು. ಕೆದರಿದ ಕೂದಲು, ಮಾಸಿದ ನೀಲಿ ಬಟ್ಟೆ. ಬೆಲೆ ಮೂರು ಡಾಲರ್. ನನ್ನ ಎದೆ ಡವಗುಟ್ಟಿತು, ಯಾಕೆಂದರೆ 1959ರ ಮೊದಲ ಬಾರ್ಬಿಗಳು ಈಗ ಸಾವಿರಾರು ಡಾಲರಿಗೆ ಹೋಗುತ್ತವೆ ಅಂತ ಎಲ್ಲೋ ಓದಿದ್ದೆ. ಆಗ ಹೊಸ ಬಾರ್ಬಿಯ ಬೆಲೆಯೂ ಮೂರೇ ಡಾಲರ್. ಇದಕ್ಕಿಂತ ಶಕುನ ಬೇಕಾ? ಆದರೂ ಅಭ್ಯಾಸ ಬಿಡಲಾರದೆ ಎರಡಕ್ಕೆ ಕೇಳಿದೆ. ಆಕೆ ನಕ್ಕರು. ಮೂರೇ ತೊಗೊಂಡರು.

ದಾರಿಯುದ್ದಕ್ಕೂ ಲೆಕ್ಕ. ಐದು ಸಾವಿರ ಡಾಲರ್ ಬಂದರೆ ರೂಪಾಯಿಗೆ ಎಷ್ಟಾಯಿತು, ಮೈಸೂರಿನ ಮನೆಗೆ ಸೋಲಾರ್ ಹಾಕಿಸಿ ಮಿಕ್ಕಿದ್ದರಲ್ಲಿ ಕಾಶಿಗೆ ಹೋಗಿ ಬರಬಹುದಾ, ಕಾಶಿಗೆ ನಾದಿನಿಯನ್ನೂ ಕರೆಯಬೇಕಾ, ಕರೆಯದಿದ್ದರೆ ಅವಳು ಊರೆಲ್ಲ ಏನಂತ ಹೇಳಿಕೊಂಡು ಬರುತ್ತಾಳೆ.

ಹಳೆ ಬಾರ್ಬಿಗಳಿಗೆ ಹೆಸರು, ಕಂಪನಿ ಎಲ್ಲವನ್ನೂ ಸೊಂಟದ ಕೆಳಗೆ, ಹಿಂದೆ, ಕೂರುವ ಜಾಗದಲ್ಲಿ ಒತ್ತಿರುತ್ತಾರೆ. ಅದಕ್ಕೇ ಮನೆಗೆ ಬಂದವಳು ಊಟದ ಟೇಬಲ್ ಮೇಲೆ ಗೊಂಬೆಯನ್ನು ಬೋರಲು ಮಲಗಿಸಿ, ಬಟ್ಟೆ ಬಿಚ್ಚಿ, ಭೂತಗನ್ನಡಿ ಹಿಡಿದು ಆ ಭಾಗವನ್ನೇ ದಿಟ್ಟಿಸುತ್ತಿದ್ದೆ. ಸರಿಯಾಗಿ ಆಗಲೇ ಅಳಿಯಂದಿರು ಕಾಫಿ ಲೋಟದ ಸಮೇತ ಬಂದರು. "ಅತ್ತೆ..." ಅಂದರು. ಮುಂದೆ ಮಾತು ಹೊರಡಲಿಲ್ಲ. ಬಂದ ಹಾಗೇ ವಾಪಸ್ ಹೋದರು. ಇವತ್ತಿನ ತನಕ ಆ ವಿಷಯ ನಾವಿಬ್ಬರೂ ಎತ್ತಿಲ್ಲ.

ಅಲ್ಲಿ ಬಾರ್ಬಿಯ ಹೆಸರಿರಲಿಲ್ಲ. ತಲೆಯ ಹಿಂದೆ ಕೂದಲು ಸರಿಸಿದರೆ ಐಡಿಯಲ್ ಟಾಯ್ ಅಂತ ಬೇರೆ ಯಾವುದೋ ಕಂಪನಿ. ಏಳು ವರ್ಷದ ಮೊಮ್ಮಗಳಿಗೆ ಭೂತಗನ್ನಡಿಯೂ ಬೇಕಾಗಲಿಲ್ಲ. "ಇದು ಬಾರ್ಬಿ ಅಲ್ಲ ಅಜ್ಜಿ. ಮುಖ ನಿನ್ನ ಥರ ಇದೆ."

ರಾತ್ರಿ ಕೂಸು ಮಲಗಿದ ಮೇಲೆ ಫೋನಿನಲ್ಲಿ ಹುಡುಕಿ ಅವಳ ಜಾತಕ ತೆಗೆದೆ. ಹೆಸರು ಟ್ಯಾಮಿ, ಹುಟ್ಟಿದ್ದು 1962. ಬಾರ್ಬಿಯ ಎದೆ, ಸೊಂಟ, ಓರೆನೋಟ ಕಂಡು ಆಗಿನ ಎಷ್ಟೋ ಅಮ್ಮಂದಿರು ಮುಖ ಸಿಂಡರಿಸುತ್ತಿದ್ದರು. ಅಂಥವರಿಗಾಗಿಯೇ ಈ ಪಕ್ಕದ ಮನೆ ಹುಡುಗಿ. ದುಂಡು ಮುಖ, ಒಂದಿಷ್ಟು ದಪ್ಪ ಸೊಂಟ, ನೆಲಕ್ಕೆ ಊರುವ ಪಾದ. ಬಾರ್ಬಿಗೆ ಆಗಲೇ ಕೆನ್ ಅಂತ ಗೆಳೆಯ, ಅದೇ 1962ರಲ್ಲಿ ರಟ್ಟಿನದಾದರೂ ಸ್ವಂತ ಮನೆ. ಅಪ್ಪ ಅಮ್ಮ ಎಲ್ಲಿ ಅಂತ ಕೇಳುವವರಿಲ್ಲ. ಟ್ಯಾಮಿಗಾದರೋ ಅಪ್ಪ, ಅಮ್ಮ, ಅಣ್ಣ ಟೆಡ್, ತಂಗಿ ಪೆಪ್ಪರ್, ಒಬ್ಬೊಬ್ಬರೂ ಬೇರೆ ಬೇರೆ ಗೊಂಬೆಯಾಗಿ ಅಂಗಡಿಯಲ್ಲಿ ಸಿಗುತ್ತಿದ್ದರು. (ಅಪ್ಪನ ಗೊಂಬೆ ಬೇಕು ಅಂತ ಯಾವ ಮಗು ಹಟ ಹಿಡಿದಿತ್ತೋ!) ನಮ್ಮ ಕಡೆ ಹೆಣ್ಣು ನೋಡಲು ಬಂದವರು ಕೇಳುವ ಪ್ರಶ್ನೆಗಳಿಗೆಲ್ಲ ಅವಳ ಹತ್ತಿರ ಉತ್ತರ ಇತ್ತು. ಆದರೆ ಗೊಂಬೆ ಆಡುವವರು ಅಮ್ಮಂದಿರಲ್ಲವಲ್ಲ. ಬಾರ್ಬಿಯ ಕಂಪನಿಯವರು ಚಾಲಾಕಿಗಳು, 1963ರಲ್ಲಿ ಕೆನ್ನೆ ಮೇಲೆ ಚುಕ್ಕಿಗಳಿರುವ ಮಿಡ್ಜ್ ಎಂಬ ಗೆಳತಿಯನ್ನೂ 1964ರಲ್ಲಿ ಸ್ಕಿಪ್ಪರ್ ಎಂಬ ತಂಗಿಯನ್ನೂ ತಂದು, ಸಾದಾ ಮುಖ ಬೇಕಾದರೆ ಅದೂ ಇಲ್ಲೇ ಇದೆ ಅಂದುಬಿಟ್ಟರು. ಕೆಲವೇ ವರ್ಷಗಳಲ್ಲಿ ಟ್ಯಾಮಿ ಸಂಸಾರ ಸಮೇತ ಮಾಯ.

ಸಾದಾ ಟ್ಯಾಮಿಗೆ ಯಾರೂ ಸಾವಿರಗಟ್ಟಲೆ ಕೊಡುವುದಿಲ್ಲ ಅಂತಲೂ ತಿಳಿಯಿತು. ಸೋಲಾರ್ ಹೋಯಿತು, ಕಾಶಿ ಹೋಯಿತು. ನಾದಿನಿಯನ್ನು ಕರೆಯುವ ತಾಪತ್ರಯವೂ ಹೋಯಿತು ಅನ್ನಿ.

ಮೊದಲು ಗೊಂಬೆ ಮೇಲೆ ಕೋಪ ಬಂತು, ಆಮೇಲೆ ನನಗೇ ನಾಚಿಕೆ. ಪಾಪ, ಅವಳೇನು ನಾನು ಬಾರ್ಬಿ ಅಂತ ಹೇಳಿಕೊಂಡಿದ್ದಳಾ? ಒಂದು ಒಳ್ಳೆ ಬಟ್ಟೆಯಾದರೂ ಹಾಕೋಣ ಅಂತ ಮಾರನೇ ದಿನ ಮೊಮ್ಮಗಳ ಬಾರ್ಬಿಯ ಗುಲಾಬಿ ಗೌನ್ ತಂದೆ. ಸೊಂಟದ ಹತ್ತಿರ ನಿಂತುಬಿಟ್ಟಿತು, ನನ್ನ ಮದುವೆ ರವಿಕೆಯ ಹಾಗೆ. ಸ್ವಲ್ಪ ಎಳೆದೆ. ಪರ್ರ್ ಅಂತು. ಮೊಮ್ಮಗಳು ಅತ್ತಳು, ಆ ಸದ್ದಿಗೆ ಕೂಸು ಎದ್ದು ಅತ್ತಿತು, ಈಗಷ್ಟೇ ಕಣ್ಣು ಮುಚ್ಚಿದ್ದ ಬಾಣಂತಿ ಎದ್ದು ಬಂದು ಬಾಗಿಲಲ್ಲಿ ನಿಂತಳು. ನೋಡಿಕೊಳ್ಳಲು ಬಂದವಳು ನಾನು!

ಕೊನೆಗೆ ಪೆಟ್ಟಿಗೆಯಿಂದ, ಯಾರೋ ಅರಿಶಿನ ಕುಂಕುಮಕ್ಕೆ ಕೊಟ್ಟಿದ್ದ ರವಿಕೆ ಕಣ ತೆಗೆದೆ. ಸೀರೆಗಾದರೆ ಅಳತೆಯ ರಗಳೆ ಇಲ್ಲ, ಅಲ್ವಾ? ಉದ್ದಕ್ಕೆ ಕತ್ತರಿಸಿ, ನೆರಿಗೆ ಹಿಡಿದು, ಅಲ್ಲಲ್ಲಿ ಹೊಲಿಗೆ ಹಾಕಿ ಟ್ಯಾಮಿಗೆ ಉಡಿಸಿದೆ. ಎಷ್ಟು ಲಕ್ಷಣವಾಗಿ ಕಂಡಳು ಅಂದರೆ, ಫೋಟೋ ತೆಗೆದು ನಾದಿನಿಗೂ ಕಳಿಸಿದೆ.

ಬೆಳಗ್ಗೆ ಎದ್ದು ನೋಡಿದರೆ ಸೀರೆ ಬಾರ್ಬಿಯ ಮೈಮೇಲಿದೆ. ಸೆರಗಿಗೆ ಪಿನ್ ಬೇರೆ. ಟ್ಯಾಮಿ ಸೋಫಾದ ಕೆಳಗೆ, ಮತ್ತದೇ ನೀಲಿ ಬಟ್ಟೆ, ಅದೂ ಹಿಂದುಮುಂದಾಗಿ. "ಹೇಗಿದೆ ಅಜ್ಜಿ?" ಅಂದಳು ಮೊಮ್ಮಗಳು. ಬೈಯೋಣ ಅಂತಲೇ ಬಗ್ಗಿ ನೋಡಿದೆ.

ಹಾಳಾದ್ದು, ಬಾರ್ಬಿಗೇ ಜಾಸ್ತಿ ಒಪ್ಪುತ್ತಿತ್ತು.