ಅವರೆ ಬೇರಿನ ಗಂಟು ರೋಗವಲ್ಲ

ಬೆಂಗಳೂರಿನ ತಾರಸಿ ತೋಟದವರಿಗೆ ಬರುವ ಫಾರ್ವರ್ಡ್ ಒಂದಿದೆ: "ಅವರೆ, ಅಲಸಂದೆ ಬೇರಲ್ಲಿ ಗಂಟು ಕಂಡರೆ ರೋಗ, ಗಿಡ ಕಿತ್ತು ಸುಟ್ಟುಬಿಡಿ." ದಯವಿಟ್ಟು ಸುಮ್ನೆ ಕೀಳಬೇಡಿ.

ಆ ಗಂಟು ಗಿಡವೇ ಕರೆದು ಕಟ್ಟಿಕೊಟ್ಟ ಮನೆ. ಬೇರು ಮಣ್ಣಿಗೆ ಫ್ಲೇವನಾಯ್ಡ್ ಎಂಬ ರಾಸಾಯನಿಕ ಬಿಡುತ್ತದೆ. ಅದರ ಸುಳಿವು ಹಿಡಿದ ರೈಜೋಬಿಯಂ ಬ್ಯಾಕ್ಟೀರಿಯಾ ತನ್ನದೊಂದು ಸಂಕೇತ ಕಳಿಸುತ್ತದೆ. ಆಗ ಬೇರಿನ ಮೇಲಿನ ಸಣ್ಣ ಕೂದಲು ಕೊಕ್ಕೆಯಂತೆ ಬಾಗಿ ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಒಳಗೆ ಕೂತ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಅಮೋನಿಯಾ ಮಾಡಿ ಕೊಡುತ್ತದೆ, ಗಿಡ ಅದಕ್ಕೆ ಊಟ ಹಾಕುತ್ತದೆ. ಎಷ್ಟು ಚೆಂದದ ಕೊಡುಕೊಳ್ಳುವಿಕೆ, ಅಲ್ವಾ?

ಅನುಮಾನವಿದ್ದರೆ ಒಂದು ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪಾಗಿದ್ದರೆ ಕೆಲಸ ಚೆನ್ನಾಗಿ ನಡೆದಿದೆ. ಆ ಬಣ್ಣ ಗಂಟಿನೊಳಗಿನ ಪ್ರೋಟೀನ್ ಆದ ಲೆಗ್‌ಹಿಮೋಗ್ಲೋಬಿನ್‌ನದು, ನಮ್ಮ ರಕ್ತದ ಹಿಮೋಗ್ಲೋಬಿನ್‌ನ ನಂಟ.

ಮಣ್ಣಿನ ಸಣ್ಣ ಜಂತುಹುಳ (ನೆಮಟೋಡ್) ಮಾಡುವ ಗಂಟು ಮಾತ್ರ ನಿಜವಾದ ರೋಗ. ಅದರಲ್ಲಿ ಬೇರು ತಾನೇ ಊದಿರುತ್ತದೆ, ಬಿಡಿಸಲು ಬರುವುದಿಲ್ಲ. ರೈಜೋಬಿಯಂ ಗಂಟು ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಬೆರಳಲ್ಲಿ ತಿಕ್ಕಿದರೆ ಉದುರುತ್ತದೆ.