ಹೊಸಬರಿಗೆ ಡಿಜಿಟಲ್ ಪೇಂಟಿಂಗ್ ಕಲಿಸಲು ಒಂದು ಬ್ರಷ್ ಸಾಕು

ಹೊಸಬರಿಗಾಗಿ ಡಿಜಿಟಲ್ ಪೇಂಟಿಂಗ್‌ನ ಒಂದು ಆನ್‌ಲೈನ್ ಕೋರ್ಸ್ ತಯಾರಿಸುತ್ತಿದ್ದೇನೆ. ಪಾಠಗಳ ಪಟ್ಟಿಯನ್ನು ಕೆಲವು ಗೆಳೆಯರಿಗೆ ತೋರಿಸಿದೆ. ಹೆಚ್ಚುಕಮ್ಮಿ ಎಲ್ಲರೂ ಇದನ್ನೇ ಕೇಳಿದರು: ಟೂಲ್‌ಗಳ ಪರಿಚಯ ಎಲ್ಲಿದೆ? ಪಾರದರ್ಶಕ ಹಾಳೆಗಳಂತೆ ಒಂದರ ಮೇಲೊಂದು ಕೂರುವ ಲೇಯರ್ ಯಾಕೆ ಇಷ್ಟು ತಡ? ಬಣ್ಣ ಮುಟ್ಟುವುದೇ ಅರ್ಧ ಕೋರ್ಸ್ ಕಳೆದ ಮೇಲಾ? ಒಬ್ಬೊಬ್ಬರಿಗೂ ಬೇರೆಬೇರೆ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ, ಯಾಕಂದರೆ ಈ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ.

ಹೊಸಬರ ಕೋರ್ಸ್ ಅಂದರೆ ಸಾಫ್ಟ್‌ವೇರ್ ಪರಿಚಯ ಅಂತ ಹೇಗೋ ರೂಢಿಯಾಗಿಬಿಟ್ಟಿದೆ. ಮೊದಲ ವಿಡಿಯೋದಲ್ಲಿ ಮೆನುಗಳು, ಆಮೇಲೆ ಬ್ರಷ್‌ಗಳ ಉದ್ದ ಪಟ್ಟಿ, ಆಮೇಲೆ ಲೇಯರ್, ಮಾಸ್ಕ್, ಬ್ಲೆಂಡಿಂಗ್ ಮೋಡ್. ಇಷ್ಟೆಲ್ಲ ನೋಡಿ ಮುಗಿಸುವ ಹೊತ್ತಿಗೂ ಕಲಿಯಲು ಬಂದವರು ಒಂದು ಚೆಂಡನ್ನೂ ಬಿಡಿಸಿರುವುದಿಲ್ಲ. ತಲೆ ತುಂಬ ಹೆಸರುಗಳು, ಕೈಗೆ ಏನೂ ಇಲ್ಲ. ಚಿತ್ರ ಬಿಡಿಸಬೇಕು ಅಂತ ಆಸೆಯಿಂದ ಬಂದವರು ಅಲ್ಲೇ ನಿಲ್ಲಿಸಿಬಿಡುತ್ತಾರೆ. ಅವರಿಗೆ ಆಸಕ್ತಿ ಕಡಿಮೆ ಅಂತ ನಾವು ಹೇಳುತ್ತೇವೆ. ಅದು ಅನ್ಯಾಯ.

ಮನುಷ್ಯರು ಹೇಗೆ ಕಲಿಯುತ್ತಾರೆ ಅಂತ ನೋಡಿದವರು ಇದನ್ನು ಮೊದಲೇ ಹೇಳಿದ್ದಾರೆ. ಶಿಕ್ಷಣ ಮನಶ್ಶಾಸ್ತ್ರಜ್ಞ ಜಾನ್ ಸ್ವೆಲ್ಲರ್ 1988ರಲ್ಲಿ ಬರೆದ ಮಾತಿನ ಸಾರ ಇದು: ಹೊಸ ವಿಷಯ ಕಲಿಯುವಾಗ ನಮ್ಮ ತಲೆ ಒಮ್ಮೆಗೆ ಹಿಡಿದುಕೊಳ್ಳುವುದು ಸ್ವಲ್ಪ ಮಾತ್ರ. ಅದಕ್ಕಿಂತ ಜಾಸ್ತಿ ಹೇರಿದರೆ ಕಲಿಕೆಗೇ ಜಾಗ ಉಳಿಯುವುದಿಲ್ಲ. ಡಿಜಿಟಲ್ ಪೇಂಟಿಂಗ್‌ನಲ್ಲಿ ಈ ಹೊರೆ ಎರಡು ಪಟ್ಟು. ಆಕಾರ, ನೆರಳು, ಬಣ್ಣ ಅರ್ಥ ಮಾಡಿಕೊಳ್ಳುವುದು ಒಂದು ಕಡೆ. ಕೈಯನ್ನು ಡ್ರಾಯಿಂಗ್ ಟ್ಯಾಬ್ಲೆಟ್ ಮೇಲೆ, ಕಣ್ಣನ್ನು ಮಾನಿಟರ್ ಮೇಲೆ ಇಟ್ಟುಕೊಂಡು ಪೆನ್ ಓಡಿಸುವುದು ಇನ್ನೊಂದು ಕಡೆ. ಅದರ ಮೇಲೆ ನೂರು ಬಟನ್ ಯಾಕೆ?

ಹಾಗಾಗಿ ನನ್ನ ಕೋರ್ಸ್‌ನ ಮೊದಲ ಭಾಗ ಪೂರ್ತಿ ಒಂದು ಬ್ರಷ್, ಒಂದು ಲೇಯರ್, ಬರೀ ಬೂದು ಬಣ್ಣ. ಇದು ಬಡತನ ಅಂತ ಅನ್ನಿಸಬಾರದು. ಫೋಟೋಶಾಪ್ ಬಿಡುಗಡೆಯಾದದ್ದು 1990ರಲ್ಲಿ, ಅದಕ್ಕೆ ಲೇಯರ್ ಬಂದದ್ದು 1994ರ 3.0 ಆವೃತ್ತಿಯಲ್ಲಿ. ಮಧ್ಯದ ನಾಲ್ಕು ವರ್ಷ ಅದರಲ್ಲಿ ಕೆಲಸ ಮಾಡಿದವರು ಲೇಯರ್ ಇಲ್ಲದೆಯೇ ಮಾಡಿದರು. ಡೇವಿಡ್ ಹಾಕ್ನಿಯಂಥ ಹಿರಿಯ ಕಲಾವಿದರು ಐಫೋನ್‌ನ ಪುಟ್ಟ ಪರದೆಯ ಮೇಲೆ ಬೆರಳಲ್ಲೇ ಹೂವುಗಳನ್ನು ಬಿಡಿಸಿದ್ದಾರೆ. ಪೆನ್ ಇಲ್ಲ, ದುಬಾರಿ ಸಾಧನ ಇಲ್ಲ ಅಂತ ಕಾಯುತ್ತಾ ಕೂತವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಸಾಫ್ಟ್‌ವೇರ್ ಯಾವುದು ಅನ್ನುವುದಕ್ಕೆ ಜಾಸ್ತಿ ಹೊತ್ತು ಕೊಡುವುದಿಲ್ಲ. ನಾನು ತೋರಿಸುವುದು ಕ್ರಿಟಾದಲ್ಲಿ. ಅದು ಉಚಿತ, ಓಪನ್ ಸೋರ್ಸ್, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಐಪ್ಯಾಡ್ ಇದ್ದವರು ಪ್ರೊಕ್ರಿಯೇಟ್‌ನಲ್ಲಿ ಮಾಡಲಿ, ಫೋಟೋಶಾಪ್ ಇದ್ದವರು ಅದರಲ್ಲೇ ಮಾಡಲಿ. ದುಂಡು ಬ್ರಷ್, ಅನ್‌ಡೂ, ಚಿತ್ರದಿಂದಲೇ ಬಣ್ಣ ಎತ್ತಿಕೊಳ್ಳುವ ಐಡ್ರಾಪರ್ ಇಲ್ಲದ ಪೇಂಟಿಂಗ್ ಸಾಫ್ಟ್‌ವೇರ್ ಇದೆಯಾ? ಅಭ್ಯಾಸದ ಫೈಲ್‌ಗಳನ್ನು ಪಿಎಸ್‌ಡಿ, ಅಂದರೆ ಫೋಟೋಶಾಪ್ ಫೈಲ್ ರೂಪದಲ್ಲಿ ಕೊಡುತ್ತೇನೆ, ಯಾಕಂದರೆ ಅದು ಈ ಮೂರು ಸಾಫ್ಟ್‌ವೇರ್‌ಗಳಲ್ಲೂ ಲೇಯರ್ ಸಮೇತ ತೆರೆಯುತ್ತದೆ. ಜೆಪೆಗ್ ಕೊಟ್ಟರೆ ಲೇಯರ್ ಎಲ್ಲ ಒಂದಾಗಿಬಿಡುತ್ತದೆ, ಬಿಚ್ಚಿ ನೋಡಲು ಏನೂ ಉಳಿಯುವುದಿಲ್ಲ.

ಆದರೆ ಸಾಧನದ ಒಂದು ವಿಷಯಕ್ಕೆ ಮಾತ್ರ ಪೂರ್ತಿ ಒಂದು ಪಾಠ ಇಟ್ಟಿದ್ದೇನೆ, ಇದನ್ನು ಹೇಳದಿದ್ದರೆ ಹೊಸಬರು ತಮ್ಮ ಕೈಯನ್ನೇ ದೂರುತ್ತಾರೆ. ಪರದೆ ಇಲ್ಲದ ಡ್ರಾಯಿಂಗ್ ಟ್ಯಾಬ್ಲೆಟ್‌ನ ಉದ್ದ ಅಗಲದ ಅನುಪಾತ ಒಂದು, ಮಾನಿಟರ್‌ನದು ಇನ್ನೊಂದು ಇರುತ್ತದೆ. ಅದನ್ನು ಡ್ರೈವರ್ ಸೆಟ್ಟಿಂಗ್‌ನಲ್ಲಿ ಹೊಂದಿಸದಿದ್ದರೆ ಕೈ ಸರಿಯಾಗಿ ದುಂಡಗೆ ತಿರುಗಿಸಿದರೂ ಪರದೆಯ ಮೇಲೆ ಮೊಟ್ಟೆಯಾಕಾರ ಬರುತ್ತದೆ. ನನಗೆ ವೃತ್ತ ಬರೆಯಲೇ ಬರುವುದಿಲ್ಲ ಅಂತ ಬೇಸರಪಟ್ಟುಕೊಳ್ಳುವವರ ಸೆಟ್ಟಿಂಗ್ ಒಮ್ಮೆ ನೋಡಬೇಕು. ಹಾಗೇ ಒತ್ತಡದ ವಿಷಯ. ಪೆನ್‌ಗೆ 8192 ಮಟ್ಟದ ಒತ್ತಡ ಅಂತ ಜಾಹೀರಾತು ಇರುತ್ತದೆ. ಹೊಸಬರಿಗೆ ಆ ಸಂಖ್ಯೆಯಿಂದ ಏನೂ ಆಗುವುದಿಲ್ಲ. ಎಷ್ಟು ಒತ್ತಿದರೆ ಗೆರೆ ಎಷ್ಟು ಗಾಢ ಅಂತ ನಿರ್ಧರಿಸುವ ಪ್ರೆಶರ್ ಕರ್ವ್ ಅನ್ನು ತಮ್ಮ ಕೈಗೆ ತಕ್ಕಂತೆ ಮೃದು ಮಾಡಿಕೊಂಡರೆ ಸಾಕು, ಮಣಿಕಟ್ಟಿನ ನೋವು ಎಷ್ಟೋ ತಪ್ಪುತ್ತದೆ.

ಈಗ ಬೂದು ಬಣ್ಣಕ್ಕೆ ಬರುತ್ತೇನೆ, ನನಗೆ ಅತಿ ಮುಖ್ಯ ಅನ್ನಿಸುವ ಭಾಗ ಇದು.

ಒಂದು ಚಿತ್ರದಲ್ಲಿ ಏನಿದೆ ಅಂತ ದೂರದಿಂದಲೂ ಗೊತ್ತಾಗುತ್ತದೆ ಅಂದರೆ ಅದಕ್ಕೆ ಬಣ್ಣ ಕಾರಣ ಅಲ್ಲ, ಬೆಳಕು ಕತ್ತಲೆಯ ಹಂಚಿಕೆ ಕಾರಣ. ಹಾಗಾಗಿ ಮೊದಲು ಐದೇ ಐದು ಮಟ್ಟ: ಬಿಳಿಗೆ ಹತ್ತಿರದ್ದು, ತಿಳಿ ಬೂದು, ನಡು ಬೂದು, ಗಾಢ ಬೂದು, ಕಪ್ಪಿಗೆ ಹತ್ತಿರದ್ದು. ಇಷ್ಟರಲ್ಲೇ ಗೋಲ, ಘನ, ಕೊಳವೆ ಬಿಡಿಸಬೇಕು. ಬೆಳಕು ಎಲ್ಲಿಂದ ಬರುತ್ತಿದೆ ಅಂತ ಮೊದಲು ಒಂದು ಬಾಣದ ಗುರುತು ಹಾಕಬೇಕು. ವಸ್ತುವಿನ ಮೈಮೇಲೆ ಬೀಳುವ ನೆರಳು ಬೇರೆ, ಅದು ನೆಲದ ಮೇಲೆ ಚೆಲ್ಲುವ ನೆರಳು ಬೇರೆ. ಗೋಲದ ಮೈಮೇಲಿನ ನೆರಳಿನ ಅಂಚು ನಿಧಾನಕ್ಕೆ ಕರಗುತ್ತದೆ, ಘನದ ಮೂಲೆಯಲ್ಲಿ ಅದು ಥಟ್ಟನೆ ತಿರುಗುತ್ತದೆ. ನೆಲದ ನೆರಳು ವಸ್ತುವಿಗೆ ತಾಗಿದ ಕಡೆ ಚೂಪು, ದೂರ ಹೋದಂತೆ ಮಸುಕು. ಇದು ಕಣ್ಣಿಗೆ ಕಾಣಲು ಶುರುವಾದ ದಿನ ಕಲಿಯುವವರ ಮುಖವೇ ಬೇರೆ ಆಗುತ್ತದೆ, ಸುತ್ತಲಿನ ಪ್ರತಿಯೊಂದು ವಸ್ತುವನ್ನೂ ತಿರುತಿರುಗಿ ನೋಡಲು ಶುರು ಮಾಡುತ್ತಾರೆ, ಕಲಿಸುವವರಿಗೆ ಅದಕ್ಕಿಂತ ಖುಷಿ ಬೇರೆ ಇಲ್ಲ.

ಬ್ರಷ್ ಒಂದೇ ಅಂದೆನಲ್ಲ, ಅದು ಗಟ್ಟಿ ಅಂಚಿನ ದುಂಡು ಬ್ರಷ್. ಮೃದುವಾದ ಏರ್‌ಬ್ರಷ್ ಅಲ್ಲ. ಏರ್‌ಬ್ರಷ್ ಹೊಸಬರಿಗೆ ತುಂಬಾ ಇಷ್ಟ ಆಗುತ್ತದೆ, ಯಾಕಂದರೆ ತಕ್ಷಣ ನುಣುಪು ಬರುತ್ತದೆ. ಆದರೆ ಆ ನುಣುಪಿನಲ್ಲಿ ಎಲ್ಲ ಅಂಚುಗಳೂ ಒಂದೇ ಥರ ಮಸುಕಾಗುತ್ತವೆ. ಮೂಗಿನ ತುದಿಯೂ ಮಸುಕು, ಕೆನ್ನೆಯೂ ಮಸುಕು, ನೆಲದ ನೆರಳೂ ಮಸುಕು. ಕೊನೆಗೆ ಯಾವುದಕ್ಕೂ ಆಕಾರ ಇಲ್ಲದ ಹೊಗೆ ಉಳಿಯುತ್ತದೆ. ಗಟ್ಟಿ ಬ್ರಷ್ ಇದ್ದರೆ ಇಲ್ಲಿ ಬೆಳಕು ಮುಗಿಯಿತು, ಇಲ್ಲಿ ನೆರಳು ಶುರುವಾಯಿತು ಅಂತ ತೀರ್ಮಾನ ಮಾಡಲೇಬೇಕಾಗುತ್ತದೆ. ಎಲ್ಲಿ ಮೃದು ಬೇಕೋ ಅಲ್ಲಿ ಮಧ್ಯದ ಬಣ್ಣವನ್ನು ಐಡ್ರಾಪರ್‌ನಿಂದ ಎತ್ತಿಕೊಂಡು ನಡುವೆ ಹಚ್ಚಬಹುದು. ಕೆಲಸ ನಿಧಾನ, ಆದರೆ ಕೈ ಕಲಿಯುತ್ತದೆ.

ಇನ್ನು ಲೇಯರ್. ಎರಡನೇ ಭಾಗದಲ್ಲಿ ಬರುತ್ತದೆ, ಅದೂ ಬೇಕು ಅನ್ನಿಸಿದಾಗ. ಒಂದು ಪಾತ್ರವನ್ನು ಬಿಡಿಸಿ ಹಿನ್ನೆಲೆ ಬದಲಿಸಬೇಕಾದಾಗ ಕಲಿಯುವವರೇ ಕೇಳುತ್ತಾರೆ, ಇದನ್ನು ಬೇರೆ ಮಾಡಲು ದಾರಿ ಇಲ್ವಾ ಅಂತ. ಆಗ ಹೇಳಿದರೆ ಒಂದೇ ನಿಮಿಷದಲ್ಲಿ ತಲೆಗೆ ಹೋಗುತ್ತದೆ. ಮೇಲಿನ ಲೇಯರ್ ಕೆಳಗಿನದರ ಜೊತೆ ಬೆರೆಯುವ ಒಂದು ರೀತಿಯಾದ ಮಲ್ಟಿಪ್ಲೈ ಮೋಡ್ ಕೂಡ ಹಾಗೆಯೇ. ನೆರಳಿಗೆ ಮಲ್ಟಿಪ್ಲೈ ಹಾಕಿ ಅಂತ ಸುಮ್ನೆ ಹೇಳಿ ಮುಂದೆ ಹೋಗುವುದು ನನಗೆ ಇಷ್ಟವಿಲ್ಲ. ಅಲ್ಲಿ ನಿಜವಾಗಿ ನಡೆಯುವುದು ಗುಣಾಕಾರ. ಬಿಳಿ ಅಂದರೆ 1, ಕಪ್ಪು ಅಂದರೆ 0. ಮೇಲೆ 0.5, ಕೆಳಗೆ 0.5 ಇದ್ದರೆ ಬರುವುದು 0.25, ಅಂದರೆ ಎರಡಕ್ಕಿಂತಲೂ ಗಾಢ. ಬಿಳಿಯಿಂದ ಗುಣಿಸಿದರೆ ಏನೂ ಬದಲಾಗುವುದಿಲ್ಲ. ಬಣ್ಣದ ಗಾಜುಗಳನ್ನು ಒಂದರ ಮೇಲೊಂದು ಇಟ್ಟು ನೋಡಿದ ಹಾಗೆ. ಈ ಲೆಕ್ಕ ಗೊತ್ತಾದವರು ನೆರಳು ಯಾಕೆ ಇಷ್ಟು ಕಪ್ಪಾಯಿತು ಅಂತ ಗಾಬರಿಯಾಗುವುದಿಲ್ಲ, ಮೇಲಿನ ಬಣ್ಣವನ್ನು ತಿಳಿ ಮಾಡಿಕೊಳ್ಳುತ್ತಾರೆ.

ಬಣ್ಣದ ಪಾಠಕ್ಕೂ ಬೂದು ಮೊದಲು ಬರಬೇಕು ಅನ್ನಲು ಒಂದು ಗಟ್ಟಿ ಕಾರಣ ಇದೆ. ಬಣ್ಣ ಆರಿಸುವ ಪೆಟ್ಟಿಗೆಯಲ್ಲಿ ಅಪ್ಪಟ ಹಳದಿಗೂ ಅಪ್ಪಟ ನೀಲಿಗೂ ಬ್ರೈಟ್‌ನೆಸ್ 100 ಅಂತಲೇ ತೋರಿಸುತ್ತದೆ. ಆದರೆ ಕಣ್ಣಿಗೆ ಹಳದಿ ಬಿಳಿಯ ಪಕ್ಕದಲ್ಲಿ ನಿಲ್ಲುತ್ತದೆ, ನೀಲಿ ಕತ್ತಲೆಯ ಕಡೆ ಹೋಗುತ್ತದೆ. ನಾವು ಬಳಸುವ ಸಾಮಾನ್ಯ ಪರದೆಗಳ ಹೊಳಪಿನ ಲೆಕ್ಕದಲ್ಲಿ ಹಸಿರಿನ ಪಾಲು ಸುಮಾರು ಶೇ. 72, ಕೆಂಪಿನದು ಶೇ. 21, ನೀಲಿಯದು ಬರೀ ಶೇ. 7. ಹಳದಿ ಅಂದರೆ ಕೆಂಪು ಹಸಿರು ಸೇರಿದ್ದು, ಹಾಗಾಗಿ ಅಷ್ಟು ಬೆಳಕು. ಇಲ್ಲಿ ಇನ್ನೊಂದು ಬಲೆ ಇದೆ. ಚಿತ್ರದ ಬೆಳಕು ಕತ್ತಲೆ ಪರೀಕ್ಷಿಸಲು ಎಷ್ಟೋ ಜನ ಸ್ಯಾಚುರೇಶನ್ ಅನ್ನು, ಅಂದರೆ ಬಣ್ಣದ ತೀವ್ರತೆಯನ್ನು ಸೊನ್ನೆಗೆ ಇಳಿಸುತ್ತಾರೆ. ಫೋಟೋಶಾಪ್‌ನ ಡಿಸ್ಯಾಚುರೇಟ್ ಆಜ್ಞೆ ಅಪ್ಪಟ ಹಳದಿಯನ್ನೂ ಅಪ್ಪಟ ನೀಲಿಯನ್ನೂ ಒಂದೇ ಬೂದು ಮಾಡಿಬಿಡುತ್ತದೆ. ಅದನ್ನು ನಂಬಿದರೆ ಕೆಟ್ಟಿತು. ಎಲ್ಲಕ್ಕಿಂತ ಮೇಲೆ ಒಂದು ಬೂದು ಲೇಯರ್ ಇಟ್ಟು ಅದರ ಮೋಡ್ ಅನ್ನು ಕಲರ್ ಅಂತ ಬದಲಿಸಿದರೆ ಕಣ್ಣಿಗೆ ಹತ್ತಿರದ ಉತ್ತರ ಸಿಗುತ್ತದೆ. ನೋಡಿ, ಮುಚ್ಚಿ, ಮುಂದುವರಿಯಿರಿ. ಇಂಥ ಒಂದು ಸಣ್ಣ ವಿಷಯ ಐವತ್ತು ಬ್ರಷ್‌ಗಳ ಪರಿಚಯಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ರೆಕಾರ್ಡಿಂಗ್ ಬಗ್ಗೆಯೂ ಹೇಳಬೇಕು. ಟೈಮ್‌ಲ್ಯಾಪ್ಸ್ ನನ್ನ ಕೋರ್ಸ್‌ನಲ್ಲಿ ಇರುವುದಿಲ್ಲ. ನೋಡಲು ಚಂದ, ನಿಜ. ಆದರೆ ಕಲಿಯುವವರಿಗೆ ಬೇಕಾದದ್ದು ಕೈ ಓಡಿದ ವೇಗ ಅಲ್ಲ, ಕೈ ನಿಂತ ಜಾಗ. ಯಾಕೆ ನಿಂತಿತು, ಏನು ಸರಿ ಕಾಣಲಿಲ್ಲ, ಯಾಕೆ ಅಳಿಸಿ ಮತ್ತೆ ಹಚ್ಚಿದ್ದು? ಅದನ್ನೇ ವೇಗ ಹೆಚ್ಚಿಸಿ ನುಂಗಿಬಿಟ್ಟರೆ ಉಳಿಯುವುದು ಮಾಯಾಜಾಲ. ಹಾಗಾಗಿ ಬಿಡಿಸುತ್ತಾ ಮಾತಾಡುತ್ತೇನೆ. ಕ್ರಿಟಾದಲ್ಲಿ ಎಂ ಒತ್ತಿ ಚಿತ್ರವನ್ನು ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿ, ನೋಡಿ ಕಣ್ಣು ಎಡಕ್ಕೆ ಜಾರಿದೆ ಅಂತ ತೋರಿಸಿ, ಅಲ್ಲೇ ಸರಿ ಮಾಡುತ್ತೇನೆ. ಆ ಭಾಗವನ್ನು ಎಡಿಟಿಂಗ್‌ನಲ್ಲಿ ಕತ್ತರಿಸುವುದಿಲ್ಲ. ಒಬಿಎಸ್ ಸ್ಟುಡಿಯೋ ಉಚಿತವಾಗಿ ಸಿಗುತ್ತದೆ, ಪರದೆ ರೆಕಾರ್ಡ್ ಮಾಡಲು ಅಷ್ಟು ಸಾಕು. ದುಡ್ಡು ಹಾಕುವುದಿದ್ದರೆ ಕ್ಯಾಮರಾಕ್ಕಿಂತ ಮೊದಲು ಮೈಕ್‌ಗೆ ಹಾಕಬೇಕು. ನೋಡುವವರಲ್ಲಿ ತುಂಬಾ ಜನ ಫೋನ್‌ನಲ್ಲಿ ನೋಡುತ್ತಾರೆ ಅನ್ನುವುದನ್ನೂ ಮರೆಯಬಾರದು, ದೊಡ್ಡ ಮಾನಿಟರ್‌ನಲ್ಲಿ ಸ್ಪಷ್ಟವಾಗಿ ಕಾಣುವ ಮೆನು ಅಲ್ಲಿ ಇರುವೆ ಗಾತ್ರ ಆಗಿರುತ್ತದೆ.

ಇನ್ನು ತಿದ್ದುವ ವಿಷಯ. ವಿಡಿಯೋ ಮಾತ್ರ ಇದ್ದರೆ ಅದನ್ನು ಕೋರ್ಸ್ ಅನ್ನಲು ನನಗೆ ಮನಸ್ಸಾಗುವುದಿಲ್ಲ. ಕಲಿಯುವವರು ಕಳಿಸಿದ ಚಿತ್ರ ತೆರೆದು, ಅದರ ಮೇಲೆ ಹೊಸ ಲೇಯರ್ ಹಾಕಿ, ಒಂದೇ ಒಂದು ವಿಷಯ ತಿದ್ದಿ ತೋರಿಸಬೇಕು. ಒಂದೇ ಒಂದು. ಹತ್ತು ತಪ್ಪು ಕಂಡರೂ ಉಳಿದ ಒಂಬತ್ತನ್ನು ನುಂಗಿಕೊಳ್ಳಬೇಕು. ಹೊಸಬರ ಚಿತ್ರದಲ್ಲಿ ಅಂಗರಚನೆ, ಬಣ್ಣ, ಅಂಚು ಎಲ್ಲವೂ ಒಟ್ಟಿಗೆ ತಪ್ಪಿರುತ್ತದೆ, ಅದು ಸಹಜ. ಈ ವಾರದ ಪಾಠ ನೆರಳಾದರೆ ನೆರಳಿನ ಬಗ್ಗೆ ಮಾತ್ರ ಮಾತು. ಚೆನ್ನಾಗಿದೆ ಅಂತ ಬರೀ ಹೊಗಳಿ ಕಳಿಸುವುದೂ ಅವರಿಗೆ ಮಾಡುವ ಮೋಸವೇ ಅಲ್ವಾ? ಅವರು ಹೊತ್ತು ಕೊಟ್ಟು ಬಿಡಿಸಿದ್ದಾರೆ, ನಾವೂ ಹೊತ್ತು ಕೊಟ್ಟು ನೋಡಬೇಕು. ಇದರಿಂದ ಒಂದು ಬ್ಯಾಚ್‌ಗೆ ತುಂಬಾ ಜನರನ್ನು ಸೇರಿಸಲು ಆಗುವುದಿಲ್ಲ. ಪರವಾಗಿಲ್ಲ, ಅದೇ ಸರಿ.

ಕೊನೆಯ ಪಾಠದಲ್ಲಿ ನಾನು ಏನೂ ಬಿಡಿಸುವುದಿಲ್ಲ. ವಿಷಯ ಅವರೇ ಆರಿಸಿಕೊಳ್ಳಬೇಕು, ಅಂಗೈ ಅಗಲದ ಸಣ್ಣ ಸಣ್ಣ ಕರಡುಗಳನ್ನು ಬೂದು ಬಣ್ಣದಲ್ಲಿ ಮಾಡಬೇಕು, ಅದರಲ್ಲಿ ಒಂದನ್ನು ಯಾಕೆ ಆರಿಸಿದೆ ಅಂತ ಎರಡು ಸಾಲು ಬರೆಯಬೇಕು, ಆಮೇಲೆ ದೊಡ್ಡ ಕ್ಯಾನ್ವಾಸ್. ಎ4 ಹಾಳೆಗೆ ಮುದ್ರಿಸುವ ಆಸೆ ಇದ್ದರೆ 300 ಪಿಪಿಐ, ಅಂದರೆ ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 2480 × 3508 ಪಿಕ್ಸೆಲ್ ಇಟ್ಟುಕೊಂಡು ಶುರು ಮಾಡಲಿ, ಆಮೇಲೆ ದೊಡ್ಡದು ಮಾಡಿದರೆ ಮಸುಕಾಗುತ್ತದೆ. ಮುಗಿದ ಚಿತ್ರದ ಜೊತೆ ಆ ಕರಡುಗಳನ್ನೂ ಕಳಿಸಬೇಕು. ನಾನು ಮೊದಲು ತೆರೆಯುವುದು ಕರಡುಗಳನ್ನೇ.

ಪಾಠಗಳ ರೆಕಾರ್ಡಿಂಗ್ ಇನ್ನೂ ನಡೆಯುತ್ತಿದೆ. ನೀವು ಕಲಿತವರಾದರೆ ಎಲ್ಲಿ ಸಿಕ್ಕಿಕೊಂಡಿರಿ, ಕಲಿಸುವವರಾದರೆ ನಿಮ್ಮವರು ಎಲ್ಲಿ ಬಿಟ್ಟುಹೋದರು ಅಂತ ಬರೆಯಿರಿ. ಅದರಲ್ಲೂ ಅಂಚುಗಳ ಬಗ್ಗೆ. ಆ ಪಾಠ ಇನ್ನೂ ಕಾಗದದ ಮೇಲೇ ಇದೆ, ಬದಲಿಸಬಹುದು.