ಎರಡು-ಮೂರು, ಸೊನ್ನೆ-ನಾಲ್ಕು

ಐರ್ಲೆಂಡಿನವರದೇ ಆಟವಾದ ಗೇಲಿಕ್ ಫುಟ್‌ಬಾಲ್‌ನ ಫೈನಲ್ಲನ್ನು ಮೈದಾನಕ್ಕೇ ಹೋಗಿ ನೋಡಿದ್ದು ನಾನು ಒಂದೇ ಸಲ. ಆ ಆಟದಲ್ಲಿ ಬಿದ್ದದ್ದು ಎರಡೇ ಗೋಲು. ಎರಡನ್ನೂ ನಾನು ನೋಡಲಿಲ್ಲ.

2019ರ ಸೆಪ್ಟೆಂಬರ್ 15, ಭಾನುವಾರ. ಡಬ್ಲಿನ್‌ನ ಕ್ರೋಕ್ ಪಾರ್ಕ್. ಮಹಿಳೆಯರ ಆಲ್ ಐರ್ಲೆಂಡ್ ಫೈನಲ್, ಡಬ್ಲಿನ್ ಮತ್ತು ಗಾಲ್ವೇ ಕೌಂಟಿಗಳ, ಅಂದರೆ ನಮ್ಮ ಜಿಲ್ಲೆಗಳಂಥವುಗಳ, ನಡುವೆ. ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಡಬ್ಲಿನ್‌ನವರು ಮೂರು ಟಿಕೆಟ್ ಕೊಟ್ಟಿದ್ದರು. ಅವರ ಮನೆಯಲ್ಲಿ ಯಾರಿಗೋ ಹುಷಾರಿರಲಿಲ್ಲ. ‘ನಮ್ಮವರಿಗೆ ಸರಿಯಾಗಿ ಕೂಗಬೇಕು’ ಅನ್ನೋದೊಂದೇ ಷರತ್ತು. ಪುಕ್ಕಟೆ ಸಿಕ್ಕಿದ್ದಕ್ಕೆ ಕೂಗುವುದೇನು, ಕುಣಿಯುತ್ತೇವೆ ಅಂದೆ.

ಆಗ ಸಾಗರದಿಂದ ಅಮ್ಮ ಬಂದಿದ್ದಳು. ಬಂದು ಮೂರು ವಾರ ಆಗಿತ್ತು. ಡಬ್ಲಿನ್‌ನಲ್ಲಿ ತೋರಿಸಬೇಕಾದ್ದೆಲ್ಲ ಮೊದಲ ನಾಲ್ಕು ದಿನಕ್ಕೇ ಮುಗಿದು, ಆಮೇಲೆ ಸೂಪರ್ ಮಾರ್ಕೆಟ್ಟನ್ನೇ ಬೇರೆ ಬೇರೆ ಬಾಗಿಲಿನಿಂದ ತೋರಿಸುತ್ತಿದ್ದೆವು. ಹಾಗಾಗಿ ಅಮ್ಮನೂ ಹೊರಟಳು. ಬೆಳಿಗ್ಗೆ ಕಿಟಕಿಯಿಂದ ಹೊರಗೆ ನೋಡಿ, ‘ಇಲ್ಲಿಗೂ ಉತ್ತರೆ ಮಳೆ ಬಂತಾ?’ ಅಂದಳು. ಮಲೆನಾಡಿನವರಿಗೆ ಮಳೆ ಅಂದರೆ ಸುಮ್ನೆ ಮಳೆ ಅಲ್ಲ, ಅದಕ್ಕೊಂದು ನಕ್ಷತ್ರ ಇರಬೇಕು. ಪಂಚಾಂಗದ ಪ್ರಕಾರ ಅವಳು ಹೇಳಿದ್ದು ಸರಿಯೇ ಇತ್ತು. ಆದರೆ ನಮ್ಮೂರಿನ ಮಳೆ ಮೇಲಿನಿಂದ ಬೀಳುತ್ತದೆ. ಇಲ್ಲಿನದು ಅಡ್ಡಡ್ಡ ಬರುತ್ತದೆ.

ಅಮ್ಮ ಸ್ವೆಟರಿನ ಮೇಲೆ ಶಾಲು ಹೊದ್ದಳು. ಒಂದು ಫ್ಲಾಸ್ಕಿಗೆ ಕಷಾಯ ತುಂಬಿದಳು. ಕೊತ್ತಂಬರಿ, ಜೀರಿಗೆ, ಬೆಲ್ಲ, ಹಾಲು, ಮತ್ತು ಸಾಗರದಿಂದಲೇ ತಂದ ಕಾಳುಮೆಣಸು. ಚಳಿಗೆ ಅಂತ ಮೆಣಸು ಸ್ವಲ್ಪ ಜಾಸ್ತಿ. ಶಾಲು ಯಾವ ಬಣ್ಣ ಅಂತ ನಾನು ನೋಡಲಿಲ್ಲ. ಮಳೆ ಬರುವಾಗ ಯಾರು ತಾನೇ ಶಾಲಿನ ಬಣ್ಣ ನೋಡುತ್ತಾರೆ?

ಕ್ರೋಕ್ ಪಾರ್ಕ್ ಹತ್ತಿರ ಬಂದಾಗ ಗೊತ್ತಾಯಿತು, ಎಲ್ಲರೂ ನೋಡುತ್ತಾರೆ ಅಂತ. ಡಬ್ಲಿನ್‌ದು ತಿಳಿ ನೀಲಿ. ಗಾಲ್ವೇದು ಮರೂನ್. ಅಮ್ಮನ ಶಾಲು ಅಚ್ಚ ಮರೂನ್, ಅಂಚಿಗೆ ಬಿಳಿ ಪಟ್ಟಿ ಬೇರೆ. ಅದು ಗಾಲ್ವೇಯ ಅಧಿಕೃತ ಶಾಲು ಅಂದರೂ ಯಾರೂ ಅನುಮಾನ ಪಡುತ್ತಿರಲಿಲ್ಲ. ರಸ್ತೆ ತುಂಬಾ ನೀಲಿ ಟೋಪಿಯ ಪುಟ್ಟ ಹುಡುಗಿಯರು. ಅಪ್ಪನ ಹೆಗಲ ಮೇಲೆ ಕೂತ ಒಬ್ಬಳು ಅಮ್ಮನಿಗೆ ನಾಲಿಗೆ ತೋರಿಸಿದಳು. ಅಮ್ಮ ಅದನ್ನು ಪ್ರೀತಿ ಅಂದುಕೊಂಡು ಟಾಟಾ ಮಾಡಿದಳು.

ಇನ್ನೊಂದು ಎಡವಟ್ಟು ಒಳಗೆ ಕಾದಿತ್ತು. ಮೂರು ಟಿಕೆಟ್‌ಗಳಲ್ಲಿ ಎರಡು ಸೀಟು ಒಟ್ಟಿಗೆ, ಒಂದು ಆರು ಸಾಲು ಕೆಳಗೆ. ನನ್ನ ಹೆಂಡತಿ ‘ನೀವು ಅತ್ತೆ ಜೊತೆ ಕೂತ್ಕೊಳ್ಳಿ, ನಾನು ಅಲ್ಲಿ ಹೋಗ್ತೀನಿ’ ಅಂತ ಹೊರಟೇ ಹೋದಳು. ಎಷ್ಟು ಒಳ್ಳೆಯವಳು ಅಂದುಕೊಂಡೆ. ಅವಳು ಶಾಲೆಯಲ್ಲಿ ಥ್ರೋಬಾಲ್ ಟೀಮಿನ ಕ್ಯಾಪ್ಟನ್. ಅಕ್ಕಪಕ್ಕದವರನ್ನು ಕೇಳಿ ಹತ್ತೇ ನಿಮಿಷದಲ್ಲಿ ಆಟ ಕಲಿತುಬಿಟ್ಟಳಂತೆ. ನಾನು ಯಾರನ್ನೂ ಕೇಳಲಿಲ್ಲ. ತಾಯಿಯ ಎದುರು ಮಗ ಯಾರನ್ನಾದರೂ ಏನನ್ನಾದರೂ ಕೇಳುವುದುಂಟೇ?

ಇಲ್ಲಿ ಎರಡೂ ಕಡೆಯ ಅಭಿಮಾನಿಗಳು ಬೆರೆತೇ ಕೂರುತ್ತಾರೆ. ನಡುವೆ ಬೇಲಿಯಿಲ್ಲ, ಪೊಲೀಸರ ಗೋಡೆಯಿಲ್ಲ. ನಮ್ಮ ಬಲಕ್ಕೆ ನೀಲಿ ಸಂಸಾರ. ಎಡಕ್ಕೆ ಮರೂನ್ ಟೋಪಿಯ ಒಬ್ಬ ಅಜ್ಜ, ಜೊತೆಗೆ ಮೊಮ್ಮಗಳು. 200 ಕಿಲೋಮೀಟರ್ ದೂರದಿಂದ ಬೆಳಿಗ್ಗೆಯೇ ಹೊರಟು ಬಂದವರು. ಅಜ್ಜ ಮೊದಲು ಶಾಲು ನೋಡಿದರು, ಆಮೇಲೆ ಅಮ್ಮನನ್ನು ನೋಡಿದರು, ಎದ್ದು ನಿಂತು ಕೈ ಕುಲುಕಿದರು. ಗಾಲ್ವೇಯಲ್ಲಿ ಯಾವ ಕಡೆಯವರು ಅಂತ ಕೇಳಿದರು. ‘ಸಾಗರ’ ಅಂದಳು ಅಮ್ಮ. ಅಜ್ಜ ಸ್ವಲ್ಪ ಯೋಚಿಸಿ ತಲೆಯಾಡಿಸಿದರು. ಗಾಲ್ವೇಯಲ್ಲಿ ಅಂಥದೊಂದು ಹಳ್ಳಿ ಇದ್ದರೂ ಇರಬಹುದು ಅಂದುಕೊಂಡಿರಬೇಕು.

ಗಾಲ್ವೇ ಹೆಂಗಸರು ಅದುವರೆಗೆ ಫೈನಲ್ ಗೆದ್ದದ್ದು ಒಂದೇ ಸಲವಂತೆ, 2004ರಲ್ಲಿ, ಅದೂ ಡಬ್ಲಿನ್ ವಿರುದ್ಧ. ಹದಿನೈದು ವರ್ಷ ಕಾದಿದ್ದೇವೆ ಅಂದರು ಅಜ್ಜ. ಡಬ್ಲಿನ್ ಹಿಂದಿನ ಎರಡು ವರ್ಷವೂ ಗೆದ್ದಿತ್ತು. ಇಷ್ಟು ಕೇಳಿದ ಮೇಲೆ ಅಮ್ಮನ ಪಕ್ಷ ಗಟ್ಟಿಯಾಯಿತು. ‘ಪಾಪ, ಇವರೇ ಗೆಲ್ಲಲಿ ಮಗಾ. ಆ ನೀಲಿಯವರು ಉಂಡು ತೇಗಿದವರು.’

ಕೂಗುವ ವಿಷಯದಲ್ಲಿ ಮಾತ್ರ ಅವಳಿಗೊಂದು ಗೊಂದಲ. ‘ಗಾಳಿಯೂ ಬೀಸ್ತಿದೆ, ಮಳೆಯೂ ಹೊಡೀತಿದೆ. ಇವರೆಲ್ಲ ಕಮಾನ್ ಗಾಳಿ, ಕಮಾನ್ ಗಾಳಿ ಅಂತ ಅದನ್ನೇ ಕರೀತಿದಾರಲ್ಲ?’

ಆಟ ಶುರುವಾಯಿತು. ಒಂದೊಂದು ಕಡೆ ಹದಿನೈದು ಜನ. ಚೆಂಡನ್ನು ಕೈಯಲ್ಲೂ ಹಿಡಿಯುತ್ತಾರೆ, ಕಾಲಲ್ಲೂ ಒದೆಯುತ್ತಾರೆ. ನಾಲ್ಕು ಹೆಜ್ಜೆ ಓಡಿದರೆ ನೆಲಕ್ಕೆ ಪುಟಿಸಬೇಕು, ಇಲ್ಲವೇ ಕಾಲಿಂದ ಒದ್ದು ಮತ್ತೆ ತನ್ನ ಕೈಗೇ ತಂದುಕೊಳ್ಳಬೇಕು. ಈ ಎರಡನೆಯದನ್ನು ಅಂಥ ಮಳೆಯಲ್ಲಿ, ಸೋಪಿನಂತೆ ಜಾರುವ ಚೆಂಡಿನಲ್ಲಿ, ಪೂರ್ತಿ ಓಟದಲ್ಲಿ ಆ ಹುಡುಗಿಯರು ಮಾಡುತ್ತಿದ್ದರು. ನನಗೆ ಮನೆಯಲ್ಲಿ ಕೂತು ಚಹಾ ಕಪ್ಪನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸುವುದೇ ಕಷ್ಟ.

ಗೋಲಿನ ಕಂಬ ಇಂಗ್ಲಿಷಿನ ಎಚ್ ಅಕ್ಷರದ ಹಾಗೆ. ಅಡ್ಡಪಟ್ಟಿಯ ಮೇಲಿನಿಂದ ಚೆಂಡು ಹಾರಿ ಹೋದರೆ ಬಿಳಿ ಕೋಟಿನ ಅಂಪೈರ್ ಬಿಳಿ ಬಾವುಟ ಬೀಸುತ್ತಾರೆ, ಬೋರ್ಡಿನಲ್ಲಿ ಒಂದು ಅಂಕ ಏರುತ್ತದೆ. ಇದನ್ನು ನಾನೇ ಕಣ್ಣಾರೆ ಕಂಡು, ಅಮ್ಮನಿಗೆ ವಿವರಿಸಿ, ಅಕ್ಕಪಕ್ಕ ಯಾರಾದರೂ ಮೆಚ್ಚಿದರೇ ಅಂತ ನೋಡಿದೆ. ಬೋರ್ಡಿನಲ್ಲಿ ಒಂದೊಂದು ತಂಡಕ್ಕೆ ಎರಡೆರಡು ಅಂಕಿ ಯಾಕಿದೆ ಅಂತ ಅಮ್ಮ ಕೇಳಿದಳು. ಮುಂದೆ ಹೇಳ್ತೀನಿ ಅಂದೆ. ಗೊತ್ತಿಲ್ಲದ್ದನ್ನು ಮುಂದಕ್ಕೆ ಹಾಕುವುದು ನಮ್ಮ ಸಾಫ್ಟ್‌ವೇರ್‌ನವರಿಗೆ ಅಭ್ಯಾಸ.

ಅಮ್ಮನ ಪ್ರಶ್ನೆಗಳು ಅಷ್ಟಕ್ಕೇ ನಿಲ್ಲಲಿಲ್ಲ. ‘ಇವರಿಗೆ ಸಂಬಳ ಎಷ್ಟು?’ ಇಲ್ಲವೇ ಇಲ್ಲ ಅಂದೆ. ಇದು ನಿಜವಾಗಿಯೂ ನನಗೆ ಗೊತ್ತಿತ್ತು. ಇಲ್ಲಿ ಆಡಿದ್ದಕ್ಕೆ ಯಾರಿಗೂ ಸಂಬಳವಿಲ್ಲ. ಡಬ್ಲಿನ್ ತಂಡದ ನೋಯೆಲ್ ಹೀಲಿ ವೃತ್ತಿಯಲ್ಲಿ ಡಾಕ್ಟರ್. ‘ಹಾಗಾದ್ರೆ ಇವತ್ತು ಆಸ್ಪತ್ರೇಲಿ ಯಾರು?’ ಅಂದಳು ಅಮ್ಮ. ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಅಮ್ಮನಿಗೆ ಹಸಿವಾಯಿತು. ಅಜ್ಜ ತಮ್ಮ ಡಬ್ಬಿಯಿಂದ ಹ್ಯಾಮ್ ಸ್ಯಾಂಡ್‌ವಿಚ್ ಕೊಡಲು ಬಂದರು. ಸಸ್ಯಾಹಾರಿ ಅಂದೆ. ಹ್ಯಾಮ್ ಭಾಳ ತೆಳ್ಳಗಿದೆ ಅಂತ ಅವರು ಸಮಾಧಾನ ಹೇಳಿದರು. ಕೊನೆಗೆ ನಾನು ಚಿಪ್ಸ್ ತರಲು ಹೋದೆ. ಸಾಲು ದೊಡ್ಡದಿತ್ತು. ನನ್ನ ಎದುರು ಇನ್ನಿಬ್ಬರು ಇದ್ದಾಗ ಮೇಲೆ ಕಾಂಕ್ರೀಟ್ ನಡುಗುವಂತೆ ಗದ್ದಲ ಎದ್ದಿತು. ಓಡಿಹೋಗಿ ನೋಡೋಣ ಅನ್ನಿಸಿತು. ಆದರೆ ಇಪ್ಪತ್ತು ನಿಮಿಷ ನಿಂತ ಸಾಲು. ರೇಷನ್ ಅಂಗಡಿ ನೋಡಿ ಬೆಳೆದವನು, ಸಾಲು ಬಿಡುವುದು ನನ್ನ ರಕ್ತದಲ್ಲಿಲ್ಲ.

ಬಂದು ನೋಡಿದರೆ ಡಬ್ಲಿನ್‌ನ ಮೊದಲ ಅಂಕಿ ಸೊನ್ನೆಯಿಂದ ಒಂದಾಗಿತ್ತು.

‘ಏನಾಯ್ತಮ್ಮ?’

‘ನೀಲಿಯವರು ಏನೋ ತಪ್ಪು ಮಾಡಿದ್ರು ಕಾಣ್ತದೆ. ಇವರೆಲ್ಲ ತಲೆ ಮೇಲೆ ಕೈ ಹೊತ್ತುಕೊಂಡ್ರು. ಆ ಬಿಳಿ ಕೋಟಿನವ ಹಸಿರು ಬಾವುಟ ತೋರಿಸಿದ.’

ತಕ್ಷಣ ನನಗೆ ಎಲ್ಲ ಅರ್ಥವಾಯಿತು. ಮೊದಲ ಅಂಕಿ ತಪ್ಪುಗಳದ್ದು! ಬೇರೆ ಆಟದಲ್ಲಿ ಕೆಂಪು, ಹಳದಿ ತೋರಿಸುತ್ತಾರೆ, ಇದು ಐರ್ಲೆಂಡ್, ಇಲ್ಲಿ ಎಲ್ಲವೂ ಹಸಿರು. ಅಮ್ಮನಿಗೆ ಹೇಳಿದೆ. ‘ಹಸಿರು ಅಂದ್ರೆ ಹೋಗು ಅಂತ ಅಲ್ವಾ?’ ಅಂದಳು. ಹೌದು, ಮೈದಾನದಿಂದ ಆಚೆ ಹೋಗು ಅಂತ, ಅಂದೆ. ಯಾರೂ ಆಚೆ ಹೋದಂತೆ ಕಾಣಲಿಲ್ಲ. ಆದರೆ ಆ ಮಳೆಯಲ್ಲಿ ಎಣಿಸಿದವರು ಯಾರು?

ಅವತ್ತಿನ ಪ್ರೇಕ್ಷಕರ ಸಂಖ್ಯೆ 56,114 ಅಂತ ಘೋಷಿಸಿದಾಗ ಮಾತ್ರ ಮರೂನ್, ನೀಲಿ ಎನ್ನದೆ ಎಲ್ಲರೂ ಒಟ್ಟಿಗೆ ಚಪ್ಪಾಳೆ ತಟ್ಟಿದರು. ಈ ಫೈನಲ್ಲಿಗೆ ಅಷ್ಟು ಜನ ಹಿಂದೆಂದೂ ಸೇರಿರಲಿಲ್ಲ. 1974ರಲ್ಲಿ, ಮೊದಲ ಫೈನಲ್, ಡರೋ ಅನ್ನುವ ಸಣ್ಣ ಊರಿನಲ್ಲಿ ನಡೆದಿತ್ತಂತೆ. ಟಿಪ್ಪರರಿ ಗೆದ್ದಿತ್ತಂತೆ. ಅಜ್ಜ ಇದನ್ನೆಲ್ಲ ಹೇಳುತ್ತಾ ಕಣ್ಣು ಒರೆಸಿಕೊಂಡರು. ಮಳೆನೀರೂ ಇರಬಹುದು. ಅಮ್ಮ ಸುತ್ತಲೂ ನೋಡಿ, ‘ನಮ್ಮ ಮಾರಿಜಾತ್ರೆ ಹಾಗೇ ಇದೆ. ಆದ್ರೆ ಇಷ್ಟೂ ಜನ ಹುಡುಗೀರ ಆಟ ನೋಡೋಕೇ ಬಂದವರಾ?’ ಅಂದಳು. ಹೌದು ಅಂದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಮ್ಮ ಹೈಸ್ಕೂಲಿನಲ್ಲಿ ಖೋ-ಖೋ ಆಡುತ್ತಿದ್ದಳು. ಎಸ್ಸೆಸ್ಸೆಲ್ಸಿಗೆ ಬಂದಮೇಲೆ ಅಜ್ಜಿ ಬಿಡಿಸಿದಳು. ಈ ವಿಷಯ ನನಗೆ ಗೊತ್ತಾದದ್ದು ಅವತ್ತು, ಅಲ್ಲೇ.

ಮರೂನ್ ಅಜ್ಜ ನಡುಗುತ್ತಿದ್ದರು. ಅಮ್ಮ ಫ್ಲಾಸ್ಕ್ ತೆಗೆಯಲು ಹೇಳಿದಳು. ಅದು ಸೀಟಿನಡಿ ಉರುಳಿಹೋಗಿತ್ತು. ನಾನು ಬಗ್ಗಿ, ಮಂಡಿಯೂರಿ, ಮುಂದಿನ ಸಾಲಿನವರ ಬೂಟುಗಳ ನಡುವೆ ಕೈ ಹಾಕಿ ತಡಕಾಡುತ್ತಿದ್ದಾಗ ಮತ್ತೆ ಅದೇ ಕಾಂಕ್ರೀಟ್ ನಡುಗುವ ಗದ್ದಲ. ಒಂದು ಬೂಟು ನನ್ನ ಬೆರಳ ಮೇಲೆ ಜಿಗಿಯಿತು. ನಾನು ಫ್ಲಾಸ್ಕ್ ಹಿಡಿದು ಮೇಲೆದ್ದಾಗ ಅಮ್ಮ ವರದಿ ಒಪ್ಪಿಸಿದಳು: ‘ಮತ್ತೆ ಹಸಿರು ಬಾವುಟ. ಮತ್ತೆ ನೀಲಿಯವರದ್ದೇ ತಪ್ಪು. ಮಾಡಿದ್ದು ತಪ್ಪು, ಮೇಲೆ ಕುಣೀತಾರೆ ಬೇರೆ, ನಾಚಿಕೆಯಿಲ್ಲ.’

ಬೋರ್ಡಿನಲ್ಲಿ ಡಬ್ಲಿನ್‌ನ ಮೊದಲ ಅಂಕಿ ಎರಡು.

ಅಜ್ಜ ತಲೆ ತಗ್ಗಿಸಿದ್ದರು. ಚಳಿಗೆ ಅಂದುಕೊಂಡೆ. ಒಂದು ಲೋಟ ಕಷಾಯ ಕೊಟ್ಟೆ. ಚಹಾ ಅಂತ ತಿಳಿದು ಒಂದೇ ಗುಟುಕಿಗೆ ಅರ್ಧ ಎತ್ತಿಬಿಟ್ಟರು. ಮುಖ ಮೊದಲು ಕೆಂಪಾಯಿತು, ಆಮೇಲೆ ಶಾಲಿನ ಬಣ್ಣಕ್ಕೆ ಬಂತು. ಕಣ್ಣಲ್ಲಿ ನೀರು. ಮೊಮ್ಮಗಳು ಬೆನ್ನು ಗುದ್ದಿದಳು. ಅವರು ಉಸಿರು ಹಿಡಿದು, ಇದರಲ್ಲಿ ವಿಸ್ಕಿ ಎಷ್ಟು ಹಾಕಿದ್ದೀರಿ ಅಂತ ಕೇಳಿದರು. ಕೊತ್ತಂಬರಿ ಅಂದೆ. ನಂಬಲಿಲ್ಲ. ಇನ್ನರ್ಧ ಲೋಟವನ್ನು ಬಹಳ ಗೌರವದಿಂದ ಕುಡಿದರು.

ಮಹಿಳೆಯರ ಪಂದ್ಯದಲ್ಲಿ ಗಡಿಯಾರ ಹಿಂದಕ್ಕೆ ಓಡುತ್ತದೆ. ಸೊನ್ನೆ ಮುಟ್ಟಿದಾಗ ಹೂಟರ್ ಕೂಗುತ್ತದೆ. ಕೂಗಿತು. ನಾನು ಬೋರ್ಡ್ ನೋಡಿದೆ. ಡಬ್ಲಿನ್ 2-3, ಗಾಲ್ವೇ 0-4. ನಾಲ್ಕು ಮೂರಕ್ಕಿಂತ ಜಾಸ್ತಿ. ಜೊತೆಗೆ ಒಂದೂ ತಪ್ಪಿಲ್ಲ! ಎದ್ದು, ಎರಡೂ ಕೈ ಮೇಲೆತ್ತಿ ಕೂಗಿದೆ. ಅಮ್ಮನೂ ಶಾಲು ಬೀಸಿದಳು. ನಾನು ಅಜ್ಜನನ್ನು ತಬ್ಬಿಕೊಂಡು, ಹದಿನೈದು ವರ್ಷ ಕಾದದ್ದು ಸಾರ್ಥಕವಾಯಿತು, ಅಭಿನಂದನೆಗಳು ಅಂದೆ.

ಸುತ್ತಲಿನ ಮರೂನ್ ಸಾಲುಗಳು ನಮ್ಮನ್ನೇ ನೋಡಿದವು. ಬಲಗಡೆಯ ನೀಲಿ ಸಂಸಾರವೂ ಕುಣಿಯುವುದನ್ನು ನಿಲ್ಲಿಸಿ ನೋಡಿತು. ಎರಡೂ ಕಡೆಯವರನ್ನು ಏಕಕಾಲಕ್ಕೆ ಸುಮ್ಮನಾಗಿಸಿದವರು ಆ ದಿನ ಮೈದಾನದಲ್ಲಿ ನಾವಿಬ್ಬರೇ ಇರಬೇಕು. ಅಜ್ಜ ಬೋರ್ಡ್ ನೋಡಿದರು. ನನ್ನನ್ನು ನೋಡಿದರು. ಆಮೇಲೆ ನಿಧಾನಕ್ಕೆ ಅಂದರು: ‘ಮಗೂ, ನಿನ್ನ ಹಾಗೆ ಲೆಕ್ಕ ಮಾಡುವ ಒಬ್ಬ ರೆಫರಿ ಸಿಕ್ಕಿದ್ದರೆ ಸಾಕಿತ್ತು ನಮಗೆ.’

ಕೆಳಗಿನಿಂದ ನನ್ನ ಹೆಂಡತಿ ಬಂದಳು. ಕೊರಳಲ್ಲಿ ಯಾರದೋ ನೀಲಿ ಸ್ಕಾರ್ಫ್. ಗಂಟಲು ಪೂರ್ತಿ ಕೂತುಹೋಗಿತ್ತು. ಆ ಕೂತ ಗಂಟಲಲ್ಲೇ ಪಾಠ ಮಾಡಿದಳು. ಚೆಂಡು ಬಲೆಯೊಳಗೆ ಹೋದರೆ ಗೋಲು, ಅದಕ್ಕೆ ಹಸಿರು ಬಾವುಟ. ಒಂದು ಗೋಲಿಗೆ ಮೂರು ಅಂಕ. ಮೊದಲ ಅಂಕಿ ಗೋಲು, ಎರಡನೆಯದು ಬಿಡಿ ಅಂಕ. ಎರಡು ಮೂರಲಿ ಆರು, ಮೇಲೆ ಮೂರು, ಒಟ್ಟು ಒಂಬತ್ತು. ಒಂಬತ್ತಕ್ಕೆ ನಾಲ್ಕು. ‘ಎರಡನೇ ಗೋಲು ನೋಡಿದ್ರಾ, ಹನಾ ಓನೀಲ್‌ದು? ಮೊದಲನೇದು ಸಿನೇಡ್ ಗೋಲ್ಡ್‌ರಿಕ್. ಅಬ್ಬಾ!’

‘ನೋಡ್ದೆ ನೋಡ್ದೆ’ ಅಂದೆ.

‘ಇವನು ಸೀಟಿನ ಕೆಳಗಿದ್ದ’ ಅಂದಳು ಅಮ್ಮ.

ನನ್ನ ಪರವಾಗಿ ಒಂದು ಮಾತು. ಹಿಂದಿನ ವರ್ಷದ ಫೈನಲ್ಲಿನಲ್ಲಿ ಡಬ್ಲಿನ್ 3-11, ಕಾರ್ಕ್ 1-12. ಅಂಥ ಆಟವಾಗಿದ್ದರೆ ನನ್ನ ಸಿದ್ಧಾಂತ ಅಲ್ಲೇ ಕುಸಿಯುತ್ತಿತ್ತು. ಅರವತ್ತು ನಿಮಿಷದಲ್ಲಿ ಎರಡೂ ಕಡೆ ಸೇರಿ ಬರೀ ಒಂಬತ್ತು ಸಲ ಬಾವುಟ ಬೀಸಿದರೆ ಮನುಷ್ಯ ಕಲಿಯುವುದು ಹೇಗೆ? ತಪ್ಪು ನನ್ನದಲ್ಲ, ಉತ್ತರೆ ಮಳೆಯದ್ದು.

ಡಬ್ಲಿನ್ ನಾಯಕಿ ಸಿನೇಡ್ ಅಹರ್ನ್ ಬ್ರೆಂಡನ್ ಮಾರ್ಟಿನ್ ಕಪ್ ಎತ್ತಿದಳು. ಸತತ ಮೂರನೆಯದು. ನೀಲಿ ಸಂಸಾರ ಅಜ್ಜನ ಕೈ ಕುಲುಕಿ, ನಿಮ್ಮ ಹುಡುಗಿಯರು ಚೆನ್ನಾಗಿ ಆಡಿದರು ಅಂತ ಹೇಳಿ ಹೋಯಿತು. ಅಜ್ಜ ಹೊರಡುವಾಗ ಅಮ್ಮನ ಹತ್ತಿರ ಕಷಾಯದ ವಿಧಾನ ಕೇಳಿದರು. ಅಮ್ಮ ಹೇಳಿದಳು, ನಾನು ಅನುವಾದಿಸಿದೆ. ನನ್ನ ಲೆಕ್ಕದ ಮೇಲೆ ನಂಬಿಕೆ ಹೋಗಿದ್ದರಿಂದ ಇರಬೇಕು, ಎಷ್ಟು ಚಮಚ ಅಂತ ಎರಡೆರಡು ಸಲ ಕೇಳಿ ಬರೆದುಕೊಂಡರು.

ಮನೆಗೆ ಬಂದು, ತಲೆ ಒರೆಸಿಕೊಂಡು, ಟಿಜಿ4 ಚಾನೆಲ್ಲಿನ ರೆಕಾರ್ಡಿಂಗ್ ಹಾಕಿದೆವು. ನನ್ನ ಎರಡು ಗೋಲು ನೋಡಬೇಕಿತ್ತಲ್ಲ. ಅದು ಐರಿಷ್ ಭಾಷೆಯ ಚಾನೆಲ್. ಕಾಮೆಂಟರಿ ಪೂರ್ತಿ ಐರಿಷ್‌ನಲ್ಲಿ. ಒಂದು ಅಕ್ಷರ ತಿಳಿಯಲಿಲ್ಲ. ಅಮ್ಮ ಮಾತ್ರ ಖುಷಿಯಾಗಿ ಕೂತಳು. ‘ಈಗ ನಿನಗೂ ನನ್ನ ಹಾಗೇ ಆಯ್ತು ನೋಡು’ ಅಂದಳು.

ಅಮ್ಮ ಊರಿಗೆ ಹೋಗಿ ವರ್ಷಗಳಾದವು. 2024ರ ಆಗಸ್ಟ್‌ನಲ್ಲಿ ಗಾಲ್ವೇ ಮತ್ತೆ ಫೈನಲ್ಲಿಗೆ ಬಂತು, ಕೆರಿ ವಿರುದ್ಧ. ಅವತ್ತು ರಾತ್ರಿಯೇ ಸಾಗರಕ್ಕೆ ಫೋನ್ ಮಾಡಿದೆ. ಅಲ್ಲಿ ಆಗಲೇ ನಡುರಾತ್ರಿ ದಾಟಿತ್ತು. ನಿದ್ದೆಗಣ್ಣಲ್ಲೇ ಎತ್ತಿದಳು.

‘ಅಮ್ಮಾ, ನಿನ್ನ ಮರೂನ್‌ನವರು ಮತ್ತೆ ಸೋತರು. ಕೆರಿ ಗೆದ್ದಿತು.’

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕೇಳಿದಳು:

‘ಲೆಕ್ಕ ನೀನು ಮಾಡಿದ್ದಾ, ಅವಳು ಮಾಡಿದ್ದಾ?’